ಚಿಕ್ಕಪ್ಪನ ಆಪರೇಷನ್ ಮತ್ತು ದೊಡ್ಡಪ್ಪ ಕಳುಹಿಸಿದ ಸಂದೇಶ

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ! ಕರುಳಿನ ಕ್ಯಾನ್ಸರ್‌ಗೆ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಮಾಡಿಸಬೇಡಿ. ಹೊಟ್ಟೆಗೆ ತುಂಬುವ ಗ್ಯಾಸ್ ಕ್ಯಾನ್ಸರ್ ಕಣಗಳನ್ನು ಎಲ್ಲೆಡೆ ಹರಡುತ್ತದೆ. ಬಿಲ್ ಏರಿಸುವ ತಂತ್ರವಿದು. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ: ರಾಘುವಿನ ಆಪರೇಷನ್ ಮುಂದಿನ ವಾರ. ದಯವಿಟ್ಟು ಎಲ್ಲರೂ ಓದಿ. ಹೊಟ್ಟೆ ತೆರೆದು ಕಣ್ಣಾರೆ ನೋಡಿ ತೆಗೆಯುವುದೇ ಸರಿ. ನನ್ನ ಸಹೋದ್ಯೋಗಿಯೊಬ್ಬರು ಈ ರಂಧ್ರದ ಆಪರೇಷನ್ ಮಾಡಿಸಿಕೊಂಡು ವರ್ಷ ತುಂಬುವುದರೊಳಗೆ ತೀರಿಕೊಂಡರು.

ಸುಧಾ: ದೊಡ್ಡಪ್ಪ, ಈ ಭಯ ಯಾರೋ ಕಟ್ಟಿದ ಕಥೆಯಲ್ಲ. 1990ರ ದಶಕದ ಆರಂಭದಲ್ಲಿ ಶಸ್ತ್ರವೈದ್ಯರೇ ಹೀಗೆ ಹೆದರಿದ್ದರು. 1994ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ತಮ್ಮ 14 ರೋಗಿಗಳಲ್ಲಿ 3 ಮಂದಿಗೆ ರಂಧ್ರದ ಜಾಗದಲ್ಲೇ ಕ್ಯಾನ್ಸರ್ ಮರಳಿದ್ದನ್ನು ವರದಿ ಮಾಡಿದರು. ಆದ್ದರಿಂದಲೇ ದೊಡ್ಡ ಪರೀಕ್ಷೆಗಳು ನಡೆದವು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 872 ರೋಗಿಗಳಿದ್ದರು. ಮೂರು ವರ್ಷಗಳಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಲ್ಯಾಪರೊಸ್ಕೋಪಿಯವರಲ್ಲಿ ಶೇ 16, ಹೊಟ್ಟೆ ತೆರೆದವರಲ್ಲಿ ಶೇ 18. ವ್ಯತ್ಯಾಸವಿಲ್ಲ ಎಂದೇ ಅರ್ಥ. ಗಾಯದ ಜಾಗದಲ್ಲಿ ಮರಳಿದ್ದು ಎರಡೂ ಕಡೆ ಶೇ 1ಕ್ಕಿಂತ ಕಡಿಮೆ. ನಿಮ್ಮ ಸಂದೇಶ ಮೂವತ್ತು ವರ್ಷ ಹಳೆಯ ಪ್ರಶ್ನೆಯನ್ನು ಹಿಡಿದುಕೊಂಡು ಉತ್ತರವನ್ನು ಬಿಟ್ಟುಬಿಟ್ಟಿದೆ.

ದೊಡ್ಡಪ್ಪ: ಹಾಗಾದರೆ ಆ ಮನುಷ್ಯ ಸತ್ತದ್ದು ಸುಳ್ಳೇ?

ಸುಧಾ: ಖಂಡಿತ ಸುಳ್ಳಲ್ಲ. ಅವರ ಕ್ಯಾನ್ಸರ್ ಪತ್ತೆಯಾದಾಗ ಯಾವ ಹಂತದಲ್ಲಿತ್ತು?

ದೊಡ್ಡಪ್ಪ: ಯಕೃತ್ತಿಗೆ ಹೋಗಿತ್ತಂತೆ. ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ಬಹಳ ಕಾಲ ಮುಲಾಮು ಹಚ್ಚಿಕೊಂಡಿದ್ದರು.

ಸುಧಾ: ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಗುದದ್ವಾರದೊಳಗೆ ಕೈಗವಸಿನ ಬೆರಳಿಟ್ಟು ಪರೀಕ್ಷಿಸಲು ಒಂದು ನಿಮಿಷವೂ ಬೇಡ. ಕೆಳಭಾಗದ ಗಡ್ಡೆಗಳಲ್ಲಿ ಎಷ್ಟೋ ಆ ಬೆರಳಿಗೇ ಸಿಗುತ್ತವೆ. ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಅವಸರದಲ್ಲಿ ವೈದ್ಯರು ನೋಡುವುದಿಲ್ಲ. ಜೀವ ತೆಗೆಯುವುದು ಆ ವಿಳಂಬ. ಗುಂಪಿನಲ್ಲಿ ಹಂಚುವುದಿದ್ದರೆ ಇದನ್ನು ಹಂಚಿ.

ವಿನಯ: ಸುಧಾ, ಒಂದು ಆಕ್ಷೇಪ. ನೀನು ಹೇಳಿದ 2004ರ ಅಧ್ಯಯನ ದೊಡ್ಡ ಕರುಳಿನದು. ಚಿಕ್ಕಪ್ಪನ ಗಡ್ಡೆ ಇರುವುದು ಅದರ ಕೆಳಗೆ, ಗುದದ್ವಾರಕ್ಕೆ ಸೇರುವ ಗುದನಾಳದಲ್ಲಿ. ಅಂಥವರನ್ನು ಆ ಅಧ್ಯಯನಕ್ಕೆ ಸೇರಿಸಿಯೇ ಇರಲಿಲ್ಲ. ದೊಡ್ಡಪ್ಪನ ಸಂದೇಶ ತಪ್ಪು, ಸರಿ. ನಿನ್ನ ಉತ್ತರವೂ ಚಿಕ್ಕಪ್ಪನ ವಿಷಯದಲ್ಲಿ ಅರ್ಧವೇ.

ಸುಧಾ: ಅದಕ್ಕೆ ಬರುತ್ತಿದ್ದೆ. ಗುದನಾಳದ ಬಗ್ಗೆ 2015ರಲ್ಲಿ ಬಂದ ಯುರೋಪಿನ ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ಎರಡೂ ಗುಂಪುಗಳಲ್ಲಿ ಶೇ 5.

ವಿನಯ: ಅದೇ ವರ್ಷ ಅಮೆರಿಕ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳು, ಲ್ಯಾಪರೊಸ್ಕೋಪಿಯಲ್ಲಿ ತೆಗೆದ ಭಾಗದ ಗುಣಮಟ್ಟ ತೆರೆದ ಶಸ್ತ್ರಚಿಕಿತ್ಸೆಗೆ ಕಡಿಮೆಯಲ್ಲ ಎಂದು ಸಾಬೀತುಪಡಿಸಲಾಗಲಿಲ್ಲ ಎಂದವು. ಅದನ್ನೂ ಹೇಳಬೇಕಲ್ಲ?

ಸುಧಾ: ಹೇಳಲೇಬೇಕು. ಆ ಎರಡರ ರೋಗಿಗಳನ್ನು ಮುಂದೆ ಎರಡು ವರ್ಷ ಗಮನಿಸಿದಾಗ ಮರುಕಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೂ ನಿನ್ನ ಮಾತಿನ ತಿರುಳನ್ನು ಒಪ್ಪುತ್ತೇನೆ: ಗುದನಾಳದಲ್ಲಿ ಯಾರ ಕೈ ಎಂಬುದು ಬಹಳ ಮುಖ್ಯ. ಗುದನಾಳದ ಸುತ್ತ ಕೊಬ್ಬಿನ ಹೊದಿಕೆಯಿರುತ್ತದೆ, ಕ್ಯಾನ್ಸರ್ ಮೊದಲು ಹರಡುವ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಇರುವುದು ಅದರೊಳಗೆ. ಅದನ್ನು ಹರಿಯದೆ ಇಡಿಯಾಗಿ ತೆಗೆಯಬೇಕು ಎಂದು ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲಿ ತೋರಿಸಿಕೊಟ್ಟರು. ತೆಗೆದ ಭಾಗ ಪ್ರಯೋಗಾಲಯಕ್ಕೆ ಬಂದಾಗ ಮೇಲ್ಮೈ ನುಣುಪಾಗಿದೆಯೇ, ಎಲ್ಲಾದರೂ ಸ್ನಾಯು ಕಾಣುವಷ್ಟು ಸೀಳಿದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಹೊರಗೆಲ್ಲ ಶಾಯಿ ಬಳಿದು, ಬ್ರೆಡ್ಡಿನಂತೆ ತೆಳುವಾಗಿ ಕತ್ತರಿಸಿ, ಗಡ್ಡೆಗೂ ಶಾಯಿಗೂ ಎಷ್ಟು ಮಿಲಿಮೀಟರ್ ಅಂತರವಿದೆ ಎಂದು ಅಳೆಯುತ್ತಾರೆ. 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಿಂತೆ. ಹೊಟ್ಟೆಯ ಮೇಲಿನ ಗಾಯ ಎಷ್ಟುದ್ದ ಎಂಬುದು ಆ ವರದಿಯಲ್ಲಿ ಲೆಕ್ಕಕ್ಕೇ ಇಲ್ಲ.

ದೊಡ್ಡಪ್ಪ: ಕಣ್ಣಾರೆ ನೋಡಿ ಮಾಡುವುದಕ್ಕಿಂತ ಟಿವಿ ನೋಡಿ ಮಾಡುವುದು ಹೇಗೆ ಮೇಲು?

ಸುಧಾ: ಗಂಡಸರ ಕಟಿಕುಹರ (ಸೊಂಟದ ಮೂಳೆಗಳ ನಡುವಿನ ಜಾಗ) ಕಿರಿದು, ಆಳ. ಎಷ್ಟು ದೊಡ್ಡದಾಗಿ ತೆರೆದರೂ ಬೆಳಕು ಮತ್ತು ಕಣ್ಣು ತಳಕ್ಕೆ ಸಲೀಸಾಗಿ ಹೋಗುವುದಿಲ್ಲ. ಕ್ಯಾಮೆರಾ ಅಲ್ಲಿಗೇ ಹೋಗಿ, ಮೂತ್ರಕೋಶಕ್ಕೆ ಹೋಗುವ ನರಗಳನ್ನೂ ದೊಡ್ಡದಾಗಿ ತೋರಿಸುತ್ತದೆ. ಆದರೆ ಉಪಕರಣ ತಿರುಗಿಸಲು ಜಾಗ ಕಡಿಮೆ, ಅಭ್ಯಾಸವಿಲ್ಲದವರಿಗೆ ಕಷ್ಟ. ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದು ಸೋಲಲ್ಲ, ವಿವೇಕ.

ಪ್ರಕಾಶ: ಬಿಲ್ ವಿಚಾರ? ಸ್ಟೇಪ್ಲರ್‌ಗೇ ಬಹಳ ಹಣವಂತೆ.

ಸುಧಾ: ಉಪಕರಣಗಳ ಖರ್ಚು ಹೆಚ್ಚು, ನಿಜ. ಆದರೆ ಇಷ್ಟು ಕೆಳಗೆ ಕರುಳು ಜೋಡಿಸಲು ಹೊಟ್ಟೆ ತೆರೆದರೂ ಸಾಮಾನ್ಯವಾಗಿ ಸ್ಟೇಪ್ಲರ್ ಬೇಕು. ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯೋಣ.

ಚಿಕ್ಕಪ್ಪ: ನಾನೂ ಈ ಗುಂಪಿನಲ್ಲಿದ್ದೇನೆ, ಬೆಳಗಿನಿಂದ ಓದುತ್ತಿದ್ದೇನೆ. ರಂಧ್ರವೋ ಗಾಯವೋ, ನನಗೆ ಎರಡೂ ಒಂದೇ. ಹೊಟ್ಟೆಯ ಮೇಲೆ ಮಲದ ಚೀಲ ಇಡುತ್ತಾರಂತೆ. ರಾತ್ರಿ ನಿದ್ದೆ ಬರದಿರುವುದು ಅದಕ್ಕೆ. ಅದು ಜೀವನಪೂರ್ತಿಯೇ?

ಸುಧಾ: ಚಿಕ್ಕಪ್ಪ, ಮೊದಲು ಕೇಳಬೇಕಾಗಿದ್ದುದು ನಿಮ್ಮನ್ನು. ನಿಮ್ಮ ವರದಿಯ ಪ್ರಕಾರ ಗುದದ್ವಾರದ ಸ್ನಾಯು ಉಳಿಯುತ್ತದೆ. ಒಳಗಿನ ಹೊಸ ಜೋಡಣೆ ಮಾಯಲು ಸಣ್ಣ ಕರುಳಿನ ಒಂದು ಕುಣಿಕೆಯನ್ನು ತಾತ್ಕಾಲಿಕವಾಗಿ ಹೊರಗೆ ತರುತ್ತಾರೆ. ಎಲ್ಲ ಸರಿಹೋದರೆ ಕೆಲವು ತಿಂಗಳ ನಂತರ ಚಿಕ್ಕ ಆಪರೇಷನ್‌ನಲ್ಲಿ ಒಳಗೆ ಸೇರಿಸುತ್ತಾರೆ. ಆಪರೇಷನ್‌ಗೆ ಮೊದಲೇ ನೀವು ಕುಳಿತಾಗ, ನಿಂತಾಗ, ಬಾಗಿದಾಗ ನೋಡಿ ಚೀಲದ ಜಾಗವನ್ನು ಪೆನ್ನಿನಿಂದ ಗುರುತಿಸಬೇಕು. ನೀವು ಪಂಚೆ ಉಡುವವರು. ಪಂಚೆಯ ಗಂಟು ಎಲ್ಲಿ ಬರುತ್ತದೆ ಎಂದು ತೋರಿಸಿ. ಅದರ ಮೇಲೆಯೇ ಗುರುತು ಬಿದ್ದರೆ ದಿನವೂ ತೊಂದರೆ.

ಚಿಕ್ಕಪ್ಪ: ಇದನ್ನು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ದೊಡ್ಡಪ್ಪ: ಸೋಮವಾರ ನಾನೂ ಆಸ್ಪತ್ರೆಗೆ ಬರುತ್ತೇನೆ. ಸುಧಾ, ಏನೇನು ಕೇಳಬೇಕೆಂದು ಬರೆದು ಕಳುಹಿಸು. ವೈದ್ಯರಿಗೆ ಗುದನಾಳದಲ್ಲಿ ಅಭ್ಯಾಸ ಕಡಿಮೆ ಎನಿಸಿದರೆ ಹೊಟ್ಟೆ ತೆರೆದೇ ಮಾಡಿ ಎನ್ನುತ್ತೇನೆ, ಮೊದಲೇ ಹೇಳಿದ್ದೇನೆ.

ಸುಧಾ: ಹಾಗಿದ್ದರೆ ತೆರೆದು ಮಾಡುವುದರಲ್ಲಿ ಪಳಗಿದ ಕೈಯನ್ನೇ ಹುಡುಕೋಣ, ದೊಡ್ಡಪ್ಪ. ಪ್ರಶ್ನೆಗಳನ್ನು ರಾತ್ರಿಯೊಳಗೆ ಕಳುಹಿಸುತ್ತೇನೆ.