ರೀಜೆನ್ಸಿ ಕಾಲದ ಪ್ರೇಮ ಕಾದಂಬರಿ ಓದುವವರು ನಮ್ಮ ಕಡೆ ಯಾರಾದರೂ ಇದ್ದೀರಾ?

ಕೋಟೆ ಕೆಳಗಿನ ಓದುಗಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹೋದ ದೀಪಾವಳಿಗೆ ಹಳೇ ಪೇಪರ್ ಹಾಕೋಣ ಅಂತ ರದ್ದಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಹನ್ನೊಂದು ಇಂಗ್ಲಿಷ್ ಕಾದಂಬರಿಗಳನ್ನು ಸುತಳಿಯಲ್ಲಿ ಕಟ್ಟಿ ಇಟ್ಟಿದ್ದರು. ಎಲ್ಲದರ ಮೇಲೂ ಉದ್ದ ಗೌನು ತೊಟ್ಟ ಹುಡುಗಿ, ಹಿಂದೆ ದೊಡ್ಡ ಬಂಗಲೆ. ಎಲ್ಲವೂ ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಪ್ರೇಮ ಕಥೆಗಳು, ಅದನ್ನೇ ರೀಜೆನ್ಸಿ ಕಾಲ ಅಂತಾರೆ. ಕಿಲೋ ಲೆಕ್ಕದಲ್ಲಿ ತಂದೆ. ನಾನು ಮೆಡಿಕಲ್ ಶಾಪಲ್ಲಿ ಬಿಲ್ಲಿಂಗ್ ಮಾಡುತ್ತೇನೆ, ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ. ಊಟ ಮಾಡಿ ಮಾಳಿಗೆ ಮೇಲೆ ಹೋಗಿ ಒಂದು ಗಂಟೆ ಓದುತ್ತೇನೆ, ಬಳ್ಳಾರಿ ಬೇಸಿಗೆಯಲ್ಲಿ ಕೆಳಗೆ ಮಲಗೋಕೂ ಆಗಲ್ಲವಲ್ಲ, ಹಾಗಾಗಿ ಎರಡು ಗಂಟೆ ಓದಿದ್ದೂ ಇದೆ. ಈಗ ಒಂಬತ್ತು ಪುಸ್ತಕ ಮುಗಿದಿವೆ.

ನನಗೆ ಇವು ತುಂಬಾ ಹಿಡಿಸಿವೆ. ನಾಯಕ ಎಷ್ಟೇ ಸೊಕ್ಕಿನವನಾಗಿರಲಿ, ನಾಯಕಿ ಒಂದು ಮಾತು ತಿರುಗಿಸಿ ಹೇಳಿದರೆ ಸುಮ್ಮನಾಗಿ ಯೋಚಿಸುತ್ತಾನೆ. ಅವಳ ಕೈಗವಸಿನ ಗುಂಡಿ ಬಿಚ್ಚೋದನ್ನೇ ಒಂದು ಪುಟ ಬರೆದಿರುತ್ತಾರೆ, ಓದುವಾಗ ನನ್ನ ಎದೆ ಹೊಡೆದುಕೊಳ್ಳುತ್ತೆ.

ಆದರೆ ಕೆಲವು ಕಡೆ ಸಿಕ್ಕಿಕೊಳ್ಳುತ್ತೇನೆ. ಡ್ಯೂಕ್, ಅರ್ಲ್, ವೈಕೌಂಟ್ ಇವರಲ್ಲಿ ಯಾರು ದೊಡ್ಡವರು? ಒಬ್ಬ ಮನುಷ್ಯನಿಗೇ ಮೂರು ಹೆಸರು ಯಾಕೆ? ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಇದು: ತೋಟದಲ್ಲಿ ಹತ್ತು ನಿಮಿಷ ಒಬ್ಬ ಗಂಡಸಿನ ಜೊತೆ ಕಂಡಳು ಅಂತ ಅವಳ ಬಾಳೇ ಹಾಳಾಯಿತು ಅಂತಾರೆ, ಮರುದಿನವೇ ಅವನ ಜೊತೆ ಮದುವೆ ಗೊತ್ತು ಮಾಡುತ್ತಾರೆ. ಅವರಿಬ್ಬರೂ ಬರೀ ಮಾತಾಡಿದ್ದರು! ಇನ್ನು ಓಡಿಹೋಗುವವರೆಲ್ಲ ಸ್ಕಾಟ್ಲೆಂಡಿಗೇ ಯಾಕೆ ಹೋಗುತ್ತಾರೆ? ತಿಳಿದವರು ಹೇಳಿ. ಮುಂದೆ ಏನು ಓದಲಿ ಅಂತಲೂ ಹೇಳಿ.

ಹಳೇ ಟೀಚರ್, ರಾಯಚೂರು

ತಂಗಿ, ನಿನ್ನ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷದಿಂದ ನಾನು ಇವನ್ನು ಓದುತ್ತಿದ್ದೇನೆ, ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲ.

ಮೊದಲು ಪದವಿಗಳು. ಮೇಲಿನಿಂದ ಕೆಳಗೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಅದರ ಕೆಳಗೆ ಬ್ಯಾರೊನೆಟ್ ಮತ್ತು ನೈಟ್, ಇವರು ಲಾರ್ಡ್ ಅಲ್ಲ, ಬರೀ 'ಸರ್'. ಮೂರು ಹೆಸರು ಅಂದರೆ ತಾಯಿ ಕರೆಯುವ ಹೆಸರು ಒಂದು, ಮನೆತನದ ಹೆಸರು ಒಂದು, ಪದವಿಯ ಹೆಸರು ಒಂದು. ನಮ್ಮಲ್ಲೂ ಊರಿಗೆ ಗೌಡ್ರು, ಶಾಲೆ ದಾಖಲೆಯಲ್ಲಿ ಇನ್ನೊಂದು, ಮನೆಯಲ್ಲಿ ಅಪ್ಪಣ್ಣ ಅಂತ ಇರುತ್ತಲ್ಲ, ಹಾಗೇ ಅಂದುಕೋ. ಮದುವೆ ಗೊತ್ತಾಗುವ ತನಕ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಸ್ವಂತ ಹೆಸರು ಹಿಡಿದು ಕರೆಯೋ ಹಾಗಿರಲಿಲ್ಲ. ಅದಕ್ಕೇ ಅವಳು ಮೊದಲ ಸಲ ಅವನ ಹೆಸರು ಹೇಳುವ ಜಾಗ ಬಂದರೆ ಅವಸರ ಮಾಡಬೇಡ, ನಿಧಾನವಾಗಿ ಓದು. ಬರೆದವರು ಅದಕ್ಕಾಗಿ ಇನ್ನೂರು ಪುಟ ಕಾದಿರುತ್ತಾರೆ.

ಇನ್ನು ತೋಟದ ವಿಷಯ. ಅದು ನಾಚಿಕೆಯ ಪ್ರಶ್ನೆ ಮಾತ್ರ ಅಲ್ಲ, ಹೊಟ್ಟೆಯ ಪ್ರಶ್ನೆ. ಪದವಿ ದೊಡ್ಡ ಮಗನಿಗೆ, ಜಮೀನೂ ಹೆಚ್ಚಾಗಿ ಅವನಿಗೇ. ಆ ವರ್ಗದ ಹೆಣ್ಣಿಗೆ ಮರ್ಯಾದೆಯ ಕೆಲಸ ಅಂತ ಇದ್ದದ್ದು ಪರರ ಮಕ್ಕಳಿಗೆ ಪಾಠ ಹೇಳೋದು, ಇಲ್ಲವೇ ಮುದುಕಿಯೊಬ್ಬಳ ಜೊತೆಗಾತಿಯಾಗಿ ಇರೋದು. ಮದುವೆಯಾದರೆ ಅವಳ ಕೈಯಲ್ಲಿದ್ದ ಹಣವೂ ಗಂಡನದು. ಅದು ಬದಲಾಗಿದ್ದು ಎಷ್ಟೋ ಆಮೇಲೆ, 1870 ಮತ್ತು 1882ರ ಕಾಯ್ದೆಗಳಿಂದ. ಹೆಸರು ಕೆಟ್ಟರೆ ಒಳ್ಳೆ ಸಂಬಂಧ ಬರಲ್ಲ, ಅವಳಿಗಷ್ಟೇ ಅಲ್ಲ, ತಂಗಿಯರಿಗೂ. ನಾನು ಪಿಯುಸಿ ಓದುವಾಗ ಒಂದು ಮಳೆಯ ದಿನ ಕ್ಲಾಸಿನ ಹುಡುಗನ ಸೈಕಲ್ ಮೇಲೆ ಸ್ಟೇಷನ್ ತನಕ ಬಂದಿದ್ದೆ. ಸಂಜೆಯೊಳಗೆ ಸುದ್ದಿ ದೊಡ್ಡಪ್ಪನ ಮನೆ ಮುಟ್ಟಿತ್ತು. ನಮ್ಮವ್ವ ಅತ್ತದ್ದು ನನಗಾಗಿ ಅಲ್ಲ, ಅಕ್ಕನಿಗೆ ಬಂದ ಸಂಬಂಧ ತಪ್ಪಿಹೋದರೆ ಏನು ಗತಿ ಅಂತ. ಅದಾದ ಮೇಲೆ ಆ ಥರದ ಅಧ್ಯಾಯ ಓದುವಾಗ ನನಗೆ ಒಂದು ಸಾಲನ್ನೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸ್ಕಾಟ್ಲೆಂಡ್ ಯಾಕೆ ಅಂದರೆ, 1753ರಲ್ಲಿ ಇಂಗ್ಲೆಂಡಲ್ಲಿ ಮದುವೆ ಕಾಯ್ದೆ ಬಂತು. ಇವರಿಬ್ಬರ ಮದುವೆ ಅಂತ ಚರ್ಚಿನಲ್ಲಿ ಮೂರು ಭಾನುವಾರ ಕೂಗಿ ಹೇಳಬೇಕು ಅಥವಾ ಲೈಸೆನ್ಸ್ ತರಬೇಕು. ಇಪ್ಪತ್ತೊಂದು ತುಂಬದವರು ಲೈಸೆನ್ಸ್ ಮೇಲೆ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಇಲ್ಲ. ಗಡಿ ದಾಟಿದ ಕೂಡಲೇ ಸಿಗುವ ಊರು ಗ್ರೆಟ್ನಾ ಗ್ರೀನ್, ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಂಡರೆ ಮದುವೆ ಆದಂತೆ. ಲಂಡನ್ನಿನಿಂದ ಮುನ್ನೂರು ಮೈಲಿಗೂ ಹೆಚ್ಚು. ಬಳ್ಳಾರಿಯಿಂದ ಬೆಂಗಳೂರಿಗಿಂತ ಎಷ್ಟೋ ದೂರ, ಅದೂ ಕುದುರೆ ಗಾಡಿಯಲ್ಲಿ, ಹಿಂದೆ ಅಪ್ಪ ಅಟ್ಟಿಸಿಕೊಂಡು ಬರುತ್ತಿರುತ್ತಾನೆ!

ಗವಿಮಠದ ಹಾದಿ, ಕೊಪ್ಪಳ

ಮೇಡಂ ತುಂಬಾ ಚೆನ್ನಾಗಿ ಹೇಳಿದ್ದಾರೆ. ನಾನೂ ಇವನ್ನು ಓದುತ್ತೇನೆ, ನಮ್ಮಕ್ಕನ ಕಪಾಟಿನಿಂದ ಶುರುವಾಗಿದ್ದು. ಚರಿತ್ರೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ರೀಜೆನ್ಸಿ ಅಂದರೆ 1811ರಿಂದ 1820ರ ತನಕ. ರಾಜ ಮೂರನೇ ಜಾರ್ಜ್ ಕಾಯಿಲೆಯಿಂದ ಆಳಲಾಗದೆ ಹೋದಾಗ ಅವನ ಮಗ ರೀಜೆಂಟ್ ಆಗಿ, ಅಂದರೆ ಅಪ್ಪನ ಬದಲಿಗೆ, ರಾಜ್ಯ ನಡೆಸಿದ. 1815ರಲ್ಲಿ ನೆಪೋಲಿಯನ್ ಸೋತ ವಾಟರ್ಲೂ ಯುದ್ಧ. ಕುಂಟುತ್ತಾ ಊರಿಗೆ ಬರುವ, ಯಾರ ಜೊತೆಗೂ ಮಾತಾಡದ ಆ ಸೈನಿಕ ನಾಯಕರೆಲ್ಲ ಹೆಚ್ಚಾಗಿ ಅಲ್ಲಿಂದಲೇ ಬಂದವರು.

ಆದರೆ ನನಗೆ ಒಂದು ವಿಷಯ ಬಿಟ್ಟುಬಿಡಲು ಆಗುವುದಿಲ್ಲ. ಆ ಬಂಗಲೆಗಳ ದುಡ್ಡು ಎಲ್ಲಿಂದ ಬಂತು? ಕಾದಂಬರಿಯಲ್ಲಿ ಇಂಡಿಯಾಕ್ಕೆ ಹೋಗಿ ದುಡ್ಡು ಮಾಡಿಕೊಂಡು ಬಂದ ಚಿಕ್ಕಪ್ಪ ಒಬ್ಬ ಇರುತ್ತಾನಲ್ಲ, ಅಂಥವರನ್ನು ಅಲ್ಲಿ 'ನೇಬಾಬ್' ಅನ್ನುತ್ತಿದ್ದರು, ನಮ್ಮ ನವಾಬ ಅನ್ನೋ ಮಾತೇ. ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಥಾಮಸ್ ಮನ್ರೋ 1807ರ ತನಕ ಇಲ್ಲಿ ಕಲೆಕ್ಟರ್ ಆಗಿದ್ದು, ಊರಿಗೆ ಹೋಗಿ, 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅವರನ್ನು ಮದುವೆಯಾಗಿ ಮತ್ತೆ ಮದ್ರಾಸಿಗೆ ಬಂದ. ಸರಿಯಾಗಿ ನಿಮ್ಮ ಕಾದಂಬರಿಗಳ ಕಾಲ! ನಮ್ಮ ಕೊಪ್ಪಳ ಕೋಟೆಯ ಮೇಲೆ ಕಂಪನಿ ಸೈನ್ಯ ಬಂದದ್ದು 1819ರಲ್ಲಿ, ಅದೇ ವರ್ಷ ಲಂಡನ್ನಿನಲ್ಲಿ ಬಾಲ್ ಡಾನ್ಸ್ ನಡೆಯುತ್ತಲೇ ಇದ್ದವು. ಕೋಟೆ ಗುಡ್ಡ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತೆ. ವೆಸ್ಟ್ ಇಂಡೀಸ್ ಕಬ್ಬಿನ ತೋಟಗಳ ದುಡ್ಡೂ ಇತ್ತು. ಗುಲಾಮರ ವ್ಯಾಪಾರ 1807ರಲ್ಲಿ ನಿಂತರೂ ಅಲ್ಲಿನ ಗುಲಾಮಗಿರಿ ಮುಗಿಸುವ ಕಾಯ್ದೆ ಬಂದದ್ದು 1833ರಲ್ಲಿ. ಇದನ್ನು ಮರೆಯದೆ ಬರೆಯುವ ಲೇಖಕರು ಈಗ ಇದ್ದಾರೆ, ಅಂಥವರನ್ನು ಹುಡುಕಿ ಓದಿ ಅಂತ ನನ್ನ ಕಳಕಳಿ.

ಬಟ್ಟೆಯ ಮಾತು ಬಂದಾಗಲೂ ನೋಡಿ. ಒಳ್ಳೆ ಮಸ್ಲಿನ್‌ಗೆ ಢಾಕಾ ಹೆಸರುವಾಸಿ, ಶಾಲು ಕಾಶ್ಮೀರದ್ದು. ಸ್ಕಾಟ್ಲೆಂಡಿನ ಪೇಸ್ಲಿ ಊರಿನಲ್ಲಿ ಆ ಶಾಲಿನ ನಕಲು ನೇಯ್ದರು, ನಮ್ಮ ಸೀರೆಯ ಮಾವಿನಕಾಯಿ ನಮೂನೆಗೆ ಇಂಗ್ಲಿಷಲ್ಲಿ ಆ ಊರಿನ ಹೆಸರೇ ನಿಂತಿತು.

ಎರಡು ಮಕ್ಕಳ ಅವ್ವ, ಸಿಂಧನೂರು

ಅಣ್ಣಾ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ. ನಾನು ಓದಲು ಶುರು ಮಾಡಿದ್ದು ಎರಡನೇ ಬಾಣಂತನದಲ್ಲಿ, ರಾತ್ರಿ ಮೂರು ಗಂಟೆಗೆ, ಮಗು ತೊಡೆ ಮೇಲೆ, ಮೊಬೈಲ್ ಒಂದು ಕೈಯಲ್ಲಿ. ಆವತ್ತು ನನಗೆ ಬೇಕಿದ್ದದ್ದು ಒಂದೇ, ಈ ಹುಡುಗಿಗೆ ಕೊನೆಗೆ ಒಳ್ಳೇದಾಗುತ್ತೆ ಅನ್ನುವ ಭರವಸೆ. ಈ ಕಾದಂಬರಿಗಳು ಆ ಮಾತನ್ನು ತಪ್ಪುವುದಿಲ್ಲ. ಅವಳ ಮಾತನ್ನು ಕಿವಿಗೊಟ್ಟು ಕೇಳುವ ಗಂಡಸು ಸಿಗುತ್ತಾನೆ. ಅಷ್ಟು ಕೊಟ್ಟರೂ ಅದು ಸಣ್ಣದಲ್ಲ ಅಂತ ನನಗನಿಸುತ್ತೆ. ಚರಿತ್ರೆ ಆಮೇಲೆ ನಾನಾಗಿ ತಿಳಿದುಕೊಂಡೆ.

ತಂಗಿ, ಓದುವಾಗ ಪ್ರತಿ ಪದಕ್ಕೂ ಡಿಕ್ಷನರಿ ತೆಗೀಬೇಡ. ಗಾಡಿಗಳ ಹೆಸರಲ್ಲಿ ಎರಡು ಗೊತ್ತಿದ್ದರೆ ಸಾಕು: ಕರಿಕಲ್ ಅಂದರೆ ಎರಡು ಗಾಲಿ, ಎರಡು ಕುದುರೆ, ಫೇಟನ್ ನಾಲ್ಕು ಗಾಲಿಯದು, ಮೇಲೆ ಹೆಚ್ಚು ಮುಚ್ಚಿಗೆ ಇರಲ್ಲ. ದುಡ್ಡಿನ ಲೆಕ್ಕ ಮಾತ್ರ ಗಮನಿಸು, ಮಜಾ ಅಲ್ಲೇ ಇದೆ. ಹುಡುಗಿ ಹತ್ತು ಸಾವಿರ ಪೌಂಡ್ ತರುತ್ತಾಳೆ ಅಂದರೆ ನೂರಕ್ಕೆ ಐದರಂತೆ ವರ್ಷಕ್ಕೆ 500 ಪೌಂಡ್ ಬಡ್ಡಿ. ಸಂಬಂಧ ನೋಡುವಾಗ ನಮ್ಮ ಹಿರಿಯರು ಎಷ್ಟು ಎಕರೆ, ಅದರಲ್ಲಿ ನೀರಾವರಿ ಎಷ್ಟು ಅಂತ ಕೇಳುತ್ತಾರಲ್ಲ, ಅದೇ ಲೆಕ್ಕ. ಕಾಲುವೆ ಕೊನೆ ಭಾಗದ ಹೊಲ ಅಂದರೆ ಇಲ್ಲಿ ಮುಖ ಸಪ್ಪಗಾಗುತ್ತೆ, ಅಲ್ಲಿ ಎಸ್ಟೇಟ್ ಅಡವಿಟ್ಟಿದೆ ಅಂದರೆ ಸಪ್ಪಗಾಗುತ್ತೆ.

ಮುಂದೆ ಓದಲು: ಆ ಕಾಲದಲ್ಲೇ ಇದ್ದು ಬರೆದವರು ಜೇನ್ ಆಸ್ಟಿನ್, ಅವರ ಮೊದಲ ಪುಸ್ತಕ ಬಂದದ್ದು 1811ರಲ್ಲಿ, ತೀರಿಕೊಂಡದ್ದು 1817ರಲ್ಲಿ. ನೂರು ವರ್ಷದ ಮೇಲೆ ಆ ಕಾಲವನ್ನು ತಿರುಗಿ ಕಟ್ಟಿ ಈ ದಾರಿ ಹಾಕಿದವರು ಜಾರ್ಜೆಟ್ ಹೇಯರ್, 1935ರಿಂದ. ಹೇಯರ್ ಭಾಷೆ ಕಷ್ಟ, ಆ ಕಾಲದ ಆಡುಮಾತು ಜಾಸ್ತಿ ಇರುತ್ತೆ. ಮೂವತ್ತು ಪುಟ ತಾಳಿಕೋ, ಆಮೇಲೆ ಬಿಡಲ್ಲ. ಅಣ್ಣತಮ್ಮಂದಿರ ಸರಣಿ ಇದ್ದರೆ ಮೊದಲಿನಿಂದಲೇ ಓದು, ನಡುವಿನಿಂದ ಹಿಡಿದರೆ ಹಿಂದಿನವರ ಮದುವೆಯೆಲ್ಲ ಮೊದಲೇ ಗೊತ್ತಾಗಿಬಿಡುತ್ತೆ.

ಕೋಟೆ ಕೆಳಗಿನ ಓದುಗಿ, ಬಳ್ಳಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಮೇಡಂ, ನಿಮ್ಮ ಸೈಕಲ್ ಮಾತು ಓದಿ ತೋಟದ ಅಧ್ಯಾಯ ಇನ್ನೊಂದು ಸಲ ತೆಗೆದೆ. ಅಣ್ಣಾ, ಮನ್ರೋ ವಿಷಯ ನನಗೆ ಗೊತ್ತೇ ಇರಲಿಲ್ಲ, ದಿನಾ ಕೋಟೆ ಮುಂದೆಯೇ ಓಡಾಡುತ್ತೇನೆ. ಅಂಥ ಲೇಖಕರನ್ನೂ ಹುಡುಕುತ್ತೇನೆ. ಅಕ್ಕಾ, ಡಿಕ್ಷನರಿ ಪಕ್ಕಕ್ಕಿಟ್ಟೆ.

ನಿನ್ನೆ ರಾತ್ರಿ ಹತ್ತನೆಯದು ಓದುತ್ತಿದ್ದೆ. ಕರೆಂಟ್ ಹೋಗಿ ಅವ್ವನೂ ಮಾಳಿಗೆಗೆ ಬಂದಳು. ಏನೇ ಅದು ಅಂದಳು. ಕನ್ನಡದಲ್ಲಿ ಹೇಳುತ್ತಾ ಹೋದೆ, ಡ್ಯೂಕ್‌ಗೆ ದೊಡ್ಡ ಜಮೀನ್ದಾರ ಅಂದೆ, ಬಾಲ್‌ಗೆ ಮದುವೆ ಮನೆ ಇದ್ದಂಗೆ ಅಂದೆ. ಕೊನೆಗೆ ಮೇಡಂ ಹೇಳಿದ ಜಾಗ ಬಂತು. ಅವಳು ಮಳೆಯಲ್ಲಿ ನಿಂತು ಮೊದಲ ಸಲ ಅವನ ಹೆಸರು ಹೇಳುತ್ತಾಳೆ. ನಾನು ಅಲ್ಲಿ ನಿಲ್ಲಿಸಿದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೇ ಹೆಸರು ಹೇಳಿದ್ಲಾ? ಒಡಪು ಹಾಕ್ಲಿಲ್ಲಾ?" ಅಂದಳು. ಆಮೇಲೆ ಕತ್ತಲಲ್ಲಿ ತನ್ನ ಮದುವೆಯ ದಿನ ಹೇಳಿದ ಒಡಪನ್ನು ಪೂರ್ತಿ ಹೇಳಿದಳು, ಕೊನೆಯಲ್ಲಿ ಅಪ್ಪನ ಹೆಸರು ಸೇರಿಸಿ. ನನಗೆ ಇಪ್ಪತ್ತೆಂಟು ವರ್ಷ, ಅವಳ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು. ಕರೆಂಟ್ ಬಂತು, "ಮುಂದೆ ಓದು" ಅಂದಳು.