ಗಂಡನ ಹಳೇ ಡ್ರಂಕ್ ಅಂಡ್ ಡ್ರೈವ್ ಕೇಸು ಕೆನಡಾ ಪಿಆರ್‌ಗೆ ಅಡ್ಡ ಬರುತ್ತಾ?

ಕಾಫಿಪುಡಿ:
ಎಲ್ಲರಿಗೂ ನಮಸ್ಕಾರ. ಕೆನಡಾದ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸೋ ಅನುಮತಿಗೆ, ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ ಅಂತ ಹೋದ ವಾರ ನನಗೆ ಇನ್ವಿಟೇಶನ್ ಬಂತು. ಅರ್ಜಿ ನನ್ನ ಹೆಸರಲ್ಲಿದೆ, ನಮ್ಮನೆಯವರು ಮತ್ತು ಮಗಳು ಜೊತೆಗಿದ್ದಾರೆ. 60 ದಿನದೊಳಗೆ ಎಲ್ಲ ಕಾಗದ ಹಾಕಬೇಕು. ಫಾರ್ಮ್ ತುಂಬುತ್ತಾ ಕೂತಾಗ, ಯಾವುದಾದರೂ ದೇಶದಲ್ಲಿ ಅಪರಾಧಕ್ಕೆ ಶಿಕ್ಷೆ ಆಗಿದೆಯಾ ಅನ್ನೋ ಪ್ರಶ್ನೆ ಬಂತು. ಆಗ ಇವರು ಮೆಲ್ಲಗೆ ಬಾಯಿ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ಆಫೀಸ್ ಪಾರ್ಟಿ ಮುಗಿಸಿ ಬರುವಾಗ ಬೆಂಗಳೂರಲ್ಲಿ ಪೊಲೀಸರು ಹಿಡಿದು ಊದಿಸಿದ್ದರಂತೆ, ಬೈಕ್ ಇಟ್ಟುಕೊಂಡಿದ್ದರಂತೆ, ಆಮೇಲೆ ಕೋರ್ಟಿಗೆ ಹೋಗಿ 10,000 ರೂಪಾಯಿ ಕಟ್ಟಿ ಬಿಡಿಸಿಕೊಂಡು ಬಂದರಂತೆ. ನನಗೆ ಆಗ ಹೇಳಿದ್ದು, ಬೈಕ್ ಸರ್ವಿಸ್‌ಗೆ ಬಿಟ್ಟಿದ್ದೀನಿ ಅಂತ! ಅದು ಬೇರೆ ಜಗಳ, ಇಲ್ಲಿ ಬೇಡ. ನಮ್ಮ ಏಜೆಂಟ್, "ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಕ್ಲೀನ್ ಆಗಿ ಬಂದಿದೆಯಲ್ಲ, ಇಲ್ಲ ಅಂತ ಟಿಕ್ ಮಾಡಿ ಮೇಡಂ" ಅಂತಾರೆ. ಹಾಗೆ ಮಾಡಬಹುದಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಅಯ್ಯೋ, ಬೆಂಗಳೂರಲ್ಲಿ ವೀಕೆಂಡ್ ಬಂದರೆ ಎಷ್ಟು ಜನ ಊದುತ್ತಾರೆ, ಎಲ್ಲರೂ ಕ್ರಿಮಿನಲ್‌ಗಳಾ? ಫೈನ್ ಕಟ್ಟಾಯ್ತು, ಕೇಸ್ ಮುಗೀತು. ಏಜೆಂಟ್ ಹೇಳಿದ್ದೇ ಸರಿ. ಅಷ್ಟು ಭಯ ಇದ್ದರೆ ಗಂಡನ ಹೆಸರು ತೆಗೆದು ನೀವು ಮೊದಲು ಹೋಗಿ, ಆಮೇಲೆ ಕರೆಸಿಕೊಳ್ಳಿ.

ಬ್ರಾಂಪ್ಟನ್_ಮಾವ:
ದಯವಿಟ್ಟು ಈ ಮೇಲಿನ ಮಾತು ಕೇಳಬೇಡಿ. ನನ್ನ ಭಾಮೈದ ಇಂಥದ್ದೇ ಒಂದು ವಿಷಯ ಮುಚ್ಚಿಟ್ಟು ಸಿಕ್ಕಿಬಿದ್ದ. ಸುಳ್ಳು ಹೇಳಿದ್ದಕ್ಕೇ ಐದು ವರ್ಷ ಅರ್ಜಿ ಹಾಕೋ ಹಾಗಿಲ್ಲ ಅಂದರು. ಮೂಲ ಕೇಸು ಏನೂ ದೊಡ್ಡದಿರಲಿಲ್ಲ, ಹೇಳಿದ್ದರೆ ಬಹುಶಃ ದಾಟಿಹೋಗುತ್ತಿತ್ತು. ಆ ಏಜೆಂಟ್‌ಗೇನು, ಫೀಸ್ ತಗೊಂಡಾಯ್ತು. ಫಾರ್ಮ್‌ಗೆ ಸಹಿ ಹಾಕೋರು ನೀವು ಅಲ್ವಾ?

ಕರಿಕೋಟು:
ಅಕ್ಕ, ಸ್ವಲ್ಪ ಉದ್ದ ಆಗುತ್ತೆ, ಕೂತು ಓದಿ.

ಪಿಸಿಸಿ ಬೇರೆ, ಫಾರ್ಮ್‌ನಲ್ಲಿರೋ ಪ್ರಶ್ನೆ ಬೇರೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಕುಡಿದು ಓಡಿಸಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮ್ಯಾಜಿಸ್ಟ್ರೇಟ್ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ನೋ ಪಾರ್ಕಿಂಗ್ ಫೈನ್ ಥರ ಅಲ್ಲ, ಶಿಕ್ಷೆ ಆದ ಹಾಗೇ. ಹಾಗಾಗಿ ಉತ್ತರ "ಹೌದು".

ಇನ್ನು ಕೆನಡಾದವರು ನಮ್ಮ ದೇಶದ ಶಿಕ್ಷೆ ಎಷ್ಟು ಅಂತ ನೋಡಲ್ಲ. ಇದೇ ಕೆಲಸ ಅಲ್ಲಿ ಮಾಡಿದ್ದರೆ ಏನಾಗುತ್ತಿತ್ತು ಅಂತ ನೋಡುತ್ತಾರೆ. ಅಲ್ಲಿ 2018ರ ಡಿಸೆಂಬರ್ 18ರಿಂದ ಕುಡಿದು ಓಡಿಸೋದಕ್ಕೆ ಗರಿಷ್ಠ ಶಿಕ್ಷೆ ಐದು ವರ್ಷದಿಂದ ಹತ್ತಕ್ಕೆ ಏರಿತು, ಹತ್ತು ಅಂದ ಕೂಡಲೇ ಅದು ಗಂಭೀರ ಅಪರಾಧದ ಸಾಲಿಗೆ ಸೇರುತ್ತೆ. ಮೊದಲೆಲ್ಲ ಒಂದೇ ಕೇಸಿದ್ದರೆ ಹತ್ತು ವರ್ಷ ಕಳೆದ ಮೇಲೆ ತಾನೇ ತೊಳೆದುಹೋಗುತ್ತಿತ್ತು, ಈಗಿನದಕ್ಕೆ ಆ ಸೌಕರ್ಯ ಇಲ್ಲ. ಶಿಕ್ಷೆ ಮುಗಿದು, ಅಂದರೆ ದಂಡ ಕಟ್ಟಿ, ಐದು ವರ್ಷ ಆದ ಮೇಲೆ ರಿಹ್ಯಾಬಿಲಿಟೇಶನ್‌ಗೆ, ಅಂದರೆ ಹಳೇ ಅಪರಾಧವನ್ನ ಇನ್ನು ಅಡ್ಡಿ ಅಂತ ಹಿಡಿಯಬೇಡಿ ಅಂತ ಕೇಳಿಕೊಂಡು, ಅರ್ಜಿ ಹಾಕಬೇಕು. 2022ರ ಡಿಸೆಂಬರ್‌ನಲ್ಲೇ ಕಟ್ಟಿದ್ದರೂ 2027ರ ಡಿಸೆಂಬರ್ ಆಗಬೇಕು. ಗಂಡನ ಹೆಸರು ತೆಗೆಯೋ ಉಪಾಯವೂ ನಡೆಯಲ್ಲ, ಜೊತೆಗೆ ಬರದೇ ಇರೋ ಗಂಡನನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಅವರಿಂದ ನಿಮ್ಮ ಅರ್ಜಿಯೂ ಬೀಳಬಹುದು.

ಆದರೆ ಒಂದು ಸಣ್ಣ ಬಾಗಿಲಿದೆ. ನಮ್ಮಲ್ಲಿ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಅಲ್ಲಿ 80. ಅವತ್ತು ಮೆಷಿನ್ ಎಷ್ಟು ತೋರಿಸಿತ್ತು?

ಕಾಫಿಪುಡಿ:
ಇವರಿಗೆ "ಐವತ್ತೋ ಅರವತ್ತೋ" ಅಂತ ನೆನಪು. ಸ್ಲಿಪ್ ಸಿಕ್ಕಿತು, ಆದರೆ ಅಕ್ಷರ ಎಲ್ಲ ಮಾಸಿ ಬರೀ ಬಿಳಿ ಹಾಳೆ ಆಗಿದೆ. 😭

ಕರಿಕೋಟು:
ಆ ಪೇಪರ್ ಹಣೆಬರಹವೇ ಅಷ್ಟು. ಕೋರ್ಟ್ ಫೈಲ್‌ನಲ್ಲಿ ಇರಬೇಕು. ಚಾರ್ಜ್‌ಶೀಟ್, ಟೆಸ್ಟ್ ರಿಪೋರ್ಟ್, ಆದೇಶ, ದಂಡದ ರಸೀದಿ, ನಾಲ್ಕಕ್ಕೂ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ನಂಬರ್ 80ರ ಒಳಗಿದ್ದರೆ, ಈ ಕೇಸು ಅಲ್ಲಿನ ಅಪರಾಧಕ್ಕೆ ಸಮ ಆಗಲ್ಲ ಅಂತ ಕೆನಡಾದ ಇಮಿಗ್ರೇಶನ್ ವಕೀಲರ ಕೈಲಿ ಒಂದು ಪತ್ರ ಬರೆಸಿ ಅರ್ಜಿ ಜೊತೆ ಹಾಕಿ. ಹಾಗಂತ ಗ್ಯಾರಂಟಿ ಅಲ್ಲ. ಪ್ರಮಾಣ ಕಡಿಮೆ ಇದ್ದರೂ ಅಮಲಿನಲ್ಲಿ ಓಡಿಸೋದು ಅಲ್ಲಿ ಬೇರೆಯೇ ಅಪರಾಧ. ಪೊಲೀಸರು ತೂರಾಡುತ್ತಿದ್ದ, ಗುದ್ದಿದ ಅಂತ ಏನಾದರೂ ಬರೆದಿದ್ದರೆ ಅಧಿಕಾರಿ ಅದನ್ನು ಹಿಡಿದುಕೊಳ್ಳಬಹುದು.

ಬ್ರಾಂಪ್ಟನ್_ಮಾವ:
ಮತ್ತೆ ಕಾಪಿ ಸಿಗೋದಕ್ಕೆ ದಿನ ಹಿಡಿಯುತ್ತೆ, 60 ದಿನ ಅಂದರೆ ಕಣ್ಣುಮುಚ್ಚಿ ಬಿಡೋದರಲ್ಲಿ ಹೋಗುತ್ತೆ.

ಕಾಫಿಪುಡಿ:
ಸೋಮವಾರವೇ ಇವರನ್ನ ಕೋರ್ಟಿಗೆ ಓಡಿಸುತ್ತೀನಿ, ಬಸ್ಸಲ್ಲಿ. ಏಜೆಂಟ್‌ಗೆ ಈಗಷ್ಟೇ ಫೋನ್ ಮಾಡಿ "ಹೌದು ಅಂತಲೇ ಹಾಕಿ" ಅಂದೆ, ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಮೇಡಂ" ಅಂದರು. ನಂಬರ್ ಗೊತ್ತಾದ ಮೇಲೆ ಇಲ್ಲೇ ಹಾಕುತ್ತೀನಿ.