ಅಲಕನಂದಾದಲ್ಲಿ ಕಯಾಕ್ ಮಾಡೋಕೆ ನಾಲೆ ಈಜು ಸಾಕಾ?

ನಾಲೆ ಹುಡುಗ, ಮಂಡ್ಯ:
ಅಣ್ಣಂದಿರಾ, ಚಿಕ್ಕಂದಿನಿಂದ ವಿಸಿ ನಾಲೆಯಲ್ಲಿ ಈಜಿದವನು ನಾನು. ವರುಣಾ ಕೆರೆಯಲ್ಲಿ ಕಯಾಕ್ ಓಡಿಸಿ ರೂಢಿ ಇದೆ. ಜೂನ್‌ನಲ್ಲಿ ಗೆಳೆಯರು ಉತ್ತರಾಖಂಡಕ್ಕೆ ಹೊರಟಿದ್ದಾರೆ. ಅಲ್ಲಿ ಅಲಕನಂದಾ ನದಿಯ ಮೇಲ್ಭಾಗದಲ್ಲಿ ಕಯಾಕ್ ಇಳಿಸೋಣ ಬಾ ಅಂತಿದ್ದಾರೆ. ರೋಲ್, ಅಂದರೆ ಮಗುಚಿದ ಕಯಾಕನ್ನು ಕೂತಲ್ಲಿಂದಲೇ ಮತ್ತೆ ನೆಟ್ಟಗೆ ಮಾಡೋದು, ನನಗೆ ಬರೋದಿಲ್ಲ. ಈಜು ಗಟ್ಟಿ ಇದ್ದರೆ ಸಾಕಲ್ವಾ?

ಕುಕ್ಕರಹಳ್ಳಿ ಮಾಮ, ಮೈಸೂರು:
ಸಾಲದು ತಮ್ಮಾ. ನಿಮ್ಮ ನಾಲೆಗೆ ಕೆಆರ್‌ಎಸ್‌ನಲ್ಲಿ ಗೇಟ್ ತೆಗೆದರೆ ನೀರು. ಅಲ್ಲಿ ಗೇಟ್ ತೆಗೆಯೋನು ಸೂರ್ಯ. ಬೆಳಿಗ್ಗೆ ಚಳಿಗೆ ಹಿಮ ಕರಗೋದು ಕಡಿಮೆ, ಹೊಳೆಯೂ ಇಳಿದಿರುತ್ತದೆ. ಬಿಸಿಲೇರಿದ ಮೇಲೆ ನೀರು ಏರುತ್ತದೆ. ಹಿಮನದಿಯಿಂದ ದೂರ ಇದ್ದಷ್ಟೂ ಆ ಏರಿಕೆ ತಡವಾಗಿ ಬರುತ್ತದೆ. ಬೆಳಿಗ್ಗೆ ಪಕ್ಕದಲ್ಲಿ ಸುಲಭವಾಗಿ ದಾಟಿದ ಬಂಡೆಯ ಮೇಲೆ ಸಂಜೆ ನೀರು ಧುಮುಕುತ್ತಿರುತ್ತದೆ. ಅದರ ಹಿಂದೆ ಸುಳಿ ತಿರುಗಿ, ದೋಣಿಯನ್ನು ಹಿಡಿದಿಟ್ಟು ಉರುಳಿಸುತ್ತದೆ. ಅದಕ್ಕೇ ಗೊತ್ತಿದ್ದವರು ಬೇಗ ಇಳಿದು ಬೇಗ ದಡ ಸೇರುತ್ತಾರೆ.

ಹಿಮನದಿ ಅರೆದ ಕಲ್ಲಿನ ಪುಡಿ ಬೆರೆತು ನೀರು ಬೂದುಬಿಳಿಯಾಗಿರುತ್ತದೆ. ಒಳಗಿನ ಬಂಡೆ ಕಾಣೋದಿಲ್ಲ, ಮೇಲಿನ ಅಲೆ ನೋಡಿ ತಿಳಿಯಬೇಕು. ಇನ್ನು ಚಳಿ. ಬಿದ್ದ ಕೂಡಲೇ ತಾನಾಗೇ ಉಸಿರು ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರೊಳಗಿದ್ದರೆ ಕಥೆ ಮುಗೀತು. ಸ್ವಲ್ಪ ಹೊತ್ತಿಗೆ ಹಗ್ಗ ಹಿಡಿಯೋಕೂ ಬೆರಳು ಬಗ್ಗೋದಿಲ್ಲ. ದೋಣಿ ಬಿಡದೆ ಮೇಲೇಳೋಕೆ ರೋಲ್ ಬೇಕೇ ಬೇಕು. ಅದು ತೋಳಿನದಲ್ಲ, ಸೊಂಟದ ಕೆಲಸ. ಜಿಮ್ ಹುಡುಗರೇ ತಡವಾಗಿ ಕಲಿಯುತ್ತಾರೆ! ಮೊದಲು ಈಜುಕೊಳದಲ್ಲಿ ಕಲಿ, ಆಮೇಲೆ ಹರಿಯೋ ನೀರಿನಲ್ಲಿ.

ನಾಲೆಯವರಿಗೆ ಇನ್ನೊಂದು ಚಾಳಿ ಇರುತ್ತದೆ, ನೀರು ಕಡಿಮೆ ಕಂಡರೆ ಕಾಲೂರೋದು. ಅಲ್ಲಿ ಬೇಡ. ಕಲ್ಲುಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ರಭಸ ನಿನ್ನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಅಂಗಾತ ಮಲಗು, ಕಾಲು ಹೊಳೆ ಹರಿಯೋ ಕಡೆಗಿರಲಿ.

ಬರಪೊಳೆ ಅಕ್ಕ:
ಮಾಮ ಹೇಳಿದ್ದು ಸರಿ. ಮೊದಲು ಮಳೆಗಾಲದಲ್ಲಿ ಕೊಡಗಿನ ಬರಪೊಳೆಗೆ ರಾಫ್ಟಿಂಗ್‌ಗೆ ಬಾ, ರಭಸ ಅಂದರೇನು ಅಂತ ಗೊತ್ತಾಗುತ್ತದೆ. ಕಯಾಕ್‌ಗೆ ಅಕ್ಟೋಬರ್-ನವೆಂಬರ್ ನೋಡು. ಮಳೆ ನಿಂತಿರುತ್ತದೆ, ಹಿಮ ಕರಗೋದೂ ಕಡಿಮೆ, ಗಂಗೆ ತಿಳಿಯಾಗಿರುತ್ತದೆ. ಋಷಿಕೇಶದ ಹತ್ತಿರ ಶಿವಪುರಿಯಲ್ಲಿ ಕಲಿಸುವವರಿದ್ದಾರೆ. ಆದರೆ ಅದಕ್ಕೂ ಮೇಲಿರುವ ‘ದಿ ವಾಲ್’ ಅನ್ನೋ ರ‍್ಯಾಪಿಡ್ (ನೀರು ನೊರೆಯೆದ್ದು ರಭಸವಾಗಿ ಹರಿಯೋ ಜಾಗ) ಹೊಸಬರಿಗಲ್ಲ.

ನಾಲೆ ಹುಡುಗ, ಮಂಡ್ಯ:
ಟಿಕೆಟ್ ಬುಕ್ ಆಗಿಬಿಟ್ಟಿದೆ ಅಕ್ಕಾ. ಅಷ್ಟರೊಳಗೆ ಬಲಮುರಿಯಲ್ಲಿ ಅಭ್ಯಾಸ ಮಾಡ್ಲಾ? ಹತ್ತಿರ ಆಗುತ್ತೆ.

ಕುಕ್ಕರಹಳ್ಳಿ ಮಾಮ, ಮೈಸೂರು:
ಬಲಮುರಿ ಹೆಸರೇ ಎತ್ತಬೇಡ. ಕಟ್ಟೆಯ ಮೇಲಿಂದ ಬೀಳೋ ನೀರೂ ಕೆಳಗೆ ಆ ಬಂಡೆಯ ಹಿಂದಿನ ಹಾಗೇ ಸುಳಿ ತಿರುಗುತ್ತದೆ, ಅದೂ ದಡದಿಂದ ದಡಕ್ಕೆ. ಈಜು ಬರೋರೂ ಅಲ್ಲಿ ಜೀವ ಕಳ್ಕೊಂಡಿದ್ದಾರೆ. ಟಿಕೆಟ್ ಇದ್ದರೆ ಹೋಗು, ದೋಣಿ ಹತ್ತಬೇಡ. ದಡದಲ್ಲಿ ಥ್ರೋ ಬ್ಯಾಗ್, ಅಂದರೆ ನೀರಿಗೆ ಬಿದ್ದವರಿಗೆ ಎಸೆಯೋ ಹಗ್ಗದ ಚೀಲ, ಹಿಡಿದು ನಿಲ್ಲೋಕೆ ಒಬ್ಬ ಬೇಕೇ ಬೇಕು. ಹಗ್ಗ ಎಸೆಯೋದನ್ನ ಈ ಭಾನುವಾರ ಬಾ, ನಾನೇ ಹೇಳಿಕೊಡ್ತೀನಿ.